ಸಹಾಯ ಬೇಕು: ವಿದ್ಯಾರ್ಥಿನಿಗೆ ಸಚಿವಾಲಯದಲ್ಲಿ ಇಂಟರ್ನ್‌ಶಿಪ್

ಎಲ್ಲರಿಗೂ ನಮಸ್ಕಾರ. ನಾನು ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಬೋಧಿಸುತ್ತೇನೆ. ಅಂತಿಮ ವರ್ಷದ ಬಿ.ಎ. ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನ ವಿಧಾನಸೌಧ, ವಿಕಾಸಸೌಧ ಅಥವಾ ಬಹುಮಹಡಿ ಕಟ್ಟಡದಲ್ಲಿರುವ ಯಾವುದಾದರೂ ಇಲಾಖೆಯಲ್ಲಿ ಆರು ವಾರ ಇಂಟರ್ನ್‌ಶಿಪ್ ಮಾಡಲು ಬಯಸಿದ್ದಾಳೆ. ಒಂದು ಕಡತವು ವಿಷಯ ನಿರ್ವಾಹಕರಿಂದ ಹೊರಟು ಶಾಖಾಧಿಕಾರಿ, ಅಧೀನ ಕಾರ್ಯದರ್ಶಿ, ಉಪ ಕಾರ್ಯದರ್ಶಿಗಳ ಟಿಪ್ಪಣಿಗಳನ್ನು ಹೊತ್ತು ಮೇಲೇರಿ, ಕೊನೆಗೆ ಸರ್ಕಾರಿ ಆದೇಶವಾಗಿ ಹೊರಬೀಳುವ ಬಗೆಯನ್ನು ಪಠ್ಯದಲ್ಲಿ ಓದುವುದಕ್ಕೂ ಕಣ್ಣಾರೆ ಕಾಣುವುದಕ್ಕೂ ಬಹಳ ಅಂತರವಿದೆ. ಅವಳ ಆಸಕ್ತಿಯ ವಿಷಯ, ಸರ್ಕಾರಿ ಸೇವೆಗಳನ್ನು ನಿಗದಿತ ಅವಧಿಯೊಳಗೆ ಒದಗಿಸಬೇಕೆನ್ನುವ 2011ರ ಸಕಾಲ ಕಾಯ್ದೆ. ತಂದೆಯ ಪಹಣಿ ತಿದ್ದುಪಡಿಗೆಂದು ಅಲೆದ ದಿನಗಳ ಸ್ವೀಕೃತಿ ಚೀಟಿಗಳನ್ನು ಇಂದಿಗೂ ನೋಟುಬುಕ್ಕಿನಲ್ಲಿ ಅಂಟಿಸಿಟ್ಟುಕೊಂಡಿದ್ದಾಳೆ.

ಎರಡು ತಿಂಗಳ ಹಿಂದೆ ಒಂದು ಇಲಾಖೆಗೆ ಕಾಲೇಜಿನ ಪತ್ರ ಸಲ್ಲಿಸಿದೆವು. ಟಪಾಲು ಶಾಖೆಯ ಮುದ್ರೆಯಿರುವ ಪ್ರತಿಯೊಂದನ್ನು ಬಿಟ್ಟರೆ ಬೇರೇನೂ ಬಂದಿಲ್ಲ. ಆದ್ದರಿಂದ, ಅರ್ಜಿಯನ್ನು ನೇರವಾಗಿ ಇಲಾಖಾ ಕಾರ್ಯದರ್ಶಿಗಳಿಗೆ ಬರೆಯಬೇಕೇ ಅಥವಾ ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆಯ ಮೂಲಕ ಹೋಗಬೇಕೇ, ದಿನನಿತ್ಯದ ಪ್ರವೇಶ ಪಾಸನ್ನು ಯಾರು ಕೊಡುತ್ತಾರೆ ಎಂಬುದನ್ನು ಅಲ್ಲಿ ಸೇವೆ ಸಲ್ಲಿಸಿದವರು ಅಥವಾ ಇಂಟರ್ನ್ ಆಗಿದ್ದವರು ದಯವಿಟ್ಟು ತಿಳಿಸಬೇಕು. ಮನೆಯವರಿಗೆ ಬೆಂಗಳೂರಿನ ಬಾಡಿಗೆ ಭರಿಸುವ ಶಕ್ತಿಯಿಲ್ಲದ ಕಾರಣ, ಆರು ವಾರಗಳ ಮಟ್ಟಿಗೆ ಸುರಕ್ಷಿತವಾದ ಹೆಣ್ಣುಮಕ್ಕಳ ಹಾಸ್ಟೆಲ್ ಗೊತ್ತಿದ್ದರೆ ಅದನ್ನೂ ಸೂಚಿಸಿ. ಶಿಫಾರಸು ನಮಗೆ ಬೇಡ, ಸರಿಯಾದ ದಾರಿ ತಿಳಿದರೆ ಸಾಕು. ಅಂಕಪಟ್ಟಿ ಮತ್ತು ಪ್ರಾಂಶುಪಾಲರ ಪತ್ರ ಸಿದ್ಧವಿವೆ.