ಹಿಂದಿನ ಎಡಗಾಲಿ ಬ್ರೇಕ್ ಬಿಡುತ್ತಿಲ್ಲ, ಎಲ್ಲಾ ಹೊಸದು ಹಾಕಿದರೂ ಡ್ರಮ್ ಕಾಯುತ್ತಿದೆ

ಬಳ್ಳಾರಿ_ಮಾರ್ಕ್4
ಮೂರನೇ ಭಾನುವಾರವೂ ಇದರಲ್ಲೇ ಹೋಯಿತು. ಸಾಕಾಗಿದೆ. ಅಪ್ಪನ ಅಂಬಾಸಿಡರ್, ಮಾರ್ಕ್ 4, 1984ರದ್ದು. ಹಿಂದಿನ ಎರಡೂ ಗಾಲಿಗೆ ಡ್ರಮ್‌ಗೆ ಒಳಗಿಂದ ಒತ್ತುವ ಹೊಸ ಬ್ರೇಕ್ ಶೂ, ಆ ಶೂ ತಳ್ಳುವ ಹೊಸ ವೀಲ್ ಸಿಲಿಂಡರ್, ಹೊಸ ಸ್ಪ್ರಿಂಗ್ ಹಾಕಿದ್ದೇನೆ. ಬ್ರೇಕ್ ಆಯಿಲ್ ಪೈಪಿನೊಳಗಿನ ಏರ್ ತೆಗೆದಿದ್ದೇನೆ. ಪೆಡಲ್ ಗಟ್ಟಿ ಇದೆ. ಆದರೆ ಎಡಗಡೆ ಡ್ರಮ್ ಕೈ ಇಡಲಾಗದಷ್ಟು ಕಾಯುತ್ತದೆ. ಮೊನ್ನೆ ಅಮ್ಮನನ್ನು ಕೂರಿಸಿಕೊಂಡು ಹೊಸಪೇಟೆಗೆ ಹೊರಟಿದ್ದೆ, ಕುಡತಿನಿ ಬರುವಷ್ಟರಲ್ಲಿ ಸುಟ್ಟ ವಾಸನೆ. ಇಳಿದು ಬಾಟಲಿಯಿಂದ ಎರಡು ಹನಿ ನೀರು ಬಿಟ್ಟೆ, ಚುಂಯ್ ಅಂತು. ಬಲಗಡೆ ಮುಟ್ಟಿದರೆ ಏನೂ ಇಲ್ಲ. ಬೇವಿನ ಮರದ ಕೆಳಗೆ ಅರ್ಧ ಗಂಟೆ ನಿಲ್ಲಿಸಿ, ತಣ್ಣಗಾದ ಮೇಲೆ ಹಾಗೇ ವಾಪಸ್ ಬಂದೆವು. ಶೂ ಸರಿ ಇಲ್ವಾ, ಸಿಲಿಂಡರ್ ಸರಿ ಇಲ್ವಾ? ಗೊತ್ತಿದ್ದವರು ಹೇಳಿ.

ಗಂಗಾವತಿ_ಅಂಬಿ
ಹೋಸ್ ಪೈಪ್. ಬೇರೆ ಏನೂ ನೋಡಬೇಡ ತಮ್ಮಾ. ಹಳೇ ರಬ್ಬರ್ ಹೋಸ್ ಹೊರಗಿಂದ ಚೆನ್ನಾಗೇ ಕಾಣುತ್ತದೆ, ಒಳಗೆ ಊದಿಕೊಂಡು ದಾರಿ ಕಟ್ಟಿರುತ್ತದೆ. ಪೆಡಲ್ ಒತ್ತಿದಾಗ ಜೋರಿಗೆ ಆಯಿಲ್ ಹೋಗುತ್ತದೆ, ಬಿಟ್ಟಾಗ ವಾಪಸ್ ಬರುವುದಿಲ್ಲ. ನನ್ನ ಗಾಡಿಯಲ್ಲಿ ಮುಂದಿನ ಗಾಲಿಗೆ ಹೀಗೇ ಆಗಿ ಒಂದು ತಿಂಗಳು ಸುಮ್ನೆ ಅಲೆದಿದ್ದೇನೆ. ಹೋಸ್ ಬದಲಿಸಿದೆ, ಅವತ್ತೇ ಸರಿ ಹೋಯಿತು.

ಸಿರುಗುಪ್ಪ_ಇಸುಝು
ಬ್ರೇಕ್ ಆಯಿಲ್ ಯಾವುದು ಹಾಕಿದ್ದೀರಿ? ನಮ್ಮ ಕಡೆ ಬಿಸಿಲಿಗೆ ಡಾಟ್ 4 ಹಾಕಬೇಕು. ನಾನು ಬೇರೆ ಮುಟ್ಟುವುದೇ ಇಲ್ಲ.

ಬಳ್ಳಾರಿ_ಮಾರ್ಕ್4
ಡಾಟ್ 3. ಹೋಸ್ ನಾಳೆ ತರುತ್ತೇನೆ ಅಣ್ಣ. ಕೌಲ್ ಬಜಾರ್ ಕಡೆ ಒಂದು ಹಳೇ ಅಂಗಡಿಯಲ್ಲಿ ಇದೆ ಅಂದರು.

ಗಂಗಾವತಿ_ಅಂಬಿ
ಡಾಟ್ 3 ಸಾಕು. ಈ ಗಾಡಿ ಹುಟ್ಟಿದಾಗ ಡಾಟ್ 4 ಯಾರು ಹಾಕುತ್ತಿದ್ದರು? ಹಳೇ ರಬ್ಬರಿಗೆ ಅದು ಆಗಿ ಬರುವುದಿಲ್ಲ.

ಸಿರುಗುಪ್ಪ_ಇಸುಝು
ಆಗಿ ಬರುವುದಿಲ್ಲ ಅಂತ ಯಾರು ಹೇಳಿದ್ದು? ಎರಡೂ ಗ್ಲೈಕಾಲ್ ಜಾತಿಯ ಆಯಿಲೇ, ಒಂದಕ್ಕೊಂದು ಬೆರೆಯುತ್ತವೆ. ಬೆರೆಯದೇ ಇರುವುದು ಡಾಟ್ 5, ಅದು ಸಿಲಿಕೋನ್. ಡಾಟ್ 3 ಹೊಸದು ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು, ಡಾಟ್ 4 ಆದರೆ 230. ನೀರು ಹೀರಿಕೊಂಡ ಮೇಲೆ ಡಾಟ್ 3ರದ್ದು 140ಕ್ಕೆ ಇಳಿಯಬಹುದು, ಡಾಟ್ 4ರದ್ದು 155ಕ್ಕೆ. ಅವರ ಡ್ರಮ್ ಮೇಲೆ ನೀರು ಚುಂಯ್ ಅಂದಿದೆ, ಅಂದರೆ ನೂರು ಡಿಗ್ರಿ ದಾಟಿದೆ. ಅದಕ್ಕೇ ಕೇಳಿದ್ದು.

ಗಂಗಾವತಿ_ಅಂಬಿ
ಕುದಿದರೆ ಪೆಡಲ್ ಕೆಳಗೆ ಹೋಗುತ್ತದೆ. ಗಾಲಿ ಹಿಡಿದುಕೊಳ್ಳುವುದಿಲ್ಲ. ಅವರು ಕೇಳುತ್ತಿರುವುದು ಬೇರೆ, ನೀವು ಹೇಳುತ್ತಿರುವುದು ಬೇರೆ.

ಸಿರುಗುಪ್ಪ_ಇಸುಝು
ಹಿಡಿದುಕೊಳ್ಳುತ್ತದೆ ಅಂತ ನಾನೂ ಹೇಳಿಲ್ಲ. ಎರಡು ವರ್ಷಕ್ಕೊಮ್ಮೆ ಆಯಿಲ್ ಪೂರ್ತಿ ತೆಗೆದು ಹೊಸದು ಹಾಕಿ ಅಂತ ಹೇಳುವವನು ನಾನು. ನನ್ನದು ಇಸುಝು ಇಂಜಿನ್ ಇರುವ 1.8 ಅಂಬಾಸಿಡರ್, 1817 ಸಿಸಿ, ಮುಂದೆ ಡಿಸ್ಕ್ ಬ್ರೇಕ್. ಸಂಡೂರು ಘಾಟ್ ಇಳಿಯುವಾಗ ಸೆಕೆಂಡ್ ಗೇರಿನಲ್ಲಿ ಇಳಿಸುತ್ತೇನೆ, ಕೆಳಗೆ ಬಂದು ಮುಟ್ಟಿ ನೋಡಿದರೆ ನಾಲ್ಕೂ ಗಾಲಿ ಒಂದೇ ಬಿಸಿ.

ಬಳ್ಳಾರಿ_ಮಾರ್ಕ್4
ಹೋಸ್ ಬದಲಿಸಿದೆ. ಮತ್ತೆ ಏರ್ ತೆಗೆದೆ, ಅರ್ಧ ಲೀಟರ್ ಆಯಿಲ್ ಹೋಯಿತು. ತೋರಣಗಲ್ಲು ದಾರಿಯಲ್ಲಿ ಹತ್ತು ಕಿಲೋಮೀಟರ್ ಓಡಿಸಿದೆ. ಅದೇ ಕಥೆ. ಎಡಗಡೆ ಕೆಂಡ.

ಗಂಗಾವತಿ_ಅಂಬಿ
ಹಾಗಾದರೆ ಹೊಸ ಹೋಸೇ ಸರಿ ಇಲ್ಲ. ಈಗ ಬರುವ ಮಾಲು ಹಾಗೇ ಇದೆ. ಇನ್ನೊಂದು ತಂದು ಹಾಕು.

ರಾಯಚೂರು_ಲೇತ್
ತಡೀರಿ. ಹೋಸ್ ತರಿಸುವ ಮುಂಚೆ ಒಂದು ಮಾತು. ಅಂಬಾಸಿಡರ್ ಹಿಂದಿನ ಆಕ್ಸಲ್‌ಗೆ ಹೋಸ್ ಇರುವುದು ಒಂದೇ. ಅಲ್ಲಿಂದ ಕಬ್ಬಿಣದ ಪೈಪ್ ಕವಲಾಗಿ ಎಡಕ್ಕೂ ಬಲಕ್ಕೂ ಹೋಗುತ್ತದೆ. ಹೋಸ್ ಕಟ್ಟಿದ್ದರೆ ಎರಡೂ ಗಾಲಿ ಹಿಡಿಯಬೇಕಿತ್ತು, ಅಲ್ವಾ? ಮುಂದಿನ ಗಾಲಿಗೆ ಒಂದೊಂದು ಹೋಸ್ ಬೇರೆ ಇರುತ್ತದೆ, ಅದಕ್ಕೇ ಗಂಗಾವತಿಯವರಿಗೆ ಒಂದೇ ಗಾಲಿ ಹಿಡಿದದ್ದು. ಇಲ್ಲಿ ಬಲಗಡೆ ಬೆಚ್ಚಗೂ ಆಗಿಲ್ಲ ಅಂತಿದ್ದಾರೆ.

ಬಳ್ಳಾರಿಯವರೇ, ದುಡ್ಡು ಹಾಕದೆ ಒಂದು ಪರೀಕ್ಷೆ ಮಾಡಿ. ಮುಂದಿನ ಗಾಲಿಗೆ ಎರಡೂ ಕಡೆ ಕಲ್ಲು ಕೊಡಿ, ಹಿಂದೆ ಜಾಕ್ ಎತ್ತಿ ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ, ನಮ್ಮ ಲೇತಿನ ಮುಂದೆ ಒಬ್ಬ ಹುಡುಗನ ಕೈ ಹೋಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಪೆಡಲ್ ಒತ್ತಿ ಬಿಡಿ. ಎಡಗಾಲಿ ಟೈಟ್ ಇದ್ದಾಗಲೇ ಅದರ ಬ್ಲೀಡಿಂಗ್ ನಿಪ್ಪಲ್, ಅಂದರೆ ಏರ್ ತೆಗೆಯುವ ತಿರುಪು, ಅರ್ಧ ಸುತ್ತು ಬಿಚ್ಚಿ. ಆಯಿಲ್ ಚಿಮ್ಮಿ ಗಾಲಿ ಸಡಿಲ ಆದರೆ ಪ್ರೆಷರ್ ಒಳಗೆ ನಿಂತಿದೆ, ಆಗ ಪೈಪ್, ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ನೋಡೋಣ. ನಿಪ್ಪಲ್ ಬಿಚ್ಚಿದರೂ ಗಾಲಿ ಅಷ್ಟೇ ಟೈಟ್ ಇದ್ದರೆ ಆಯಿಲಿಗೂ ಇದಕ್ಕೂ ಸಂಬಂಧ ಇಲ್ಲ, ಡ್ರಮ್ ಒಳಗೆ ಏನೋ ಹಿಡಿದಿದೆ.

ಗಂಗಾವತಿ_ಅಂಬಿ
ಕವಲಿನಿಂದ ಎಡಕ್ಕೆ ಹೋಗುವ ಪೈಪ್ ಕಲ್ಲು ತಾಗಿ ಚಪ್ಪಟೆ ಆಗಿರಬಹುದು. ಅದೂ ಹೋಸ್ ಕಟ್ಟಿದ ಹಾಗೇ. ನನ್ನ ಮಾತು ಪೂರ್ತಿ ತಪ್ಪಲ್ಲ.

ರಾಯಚೂರು_ಲೇತ್
ಆಗಬಹುದು. ಅದೂ ನಿಪ್ಪಲ್ ಬಿಚ್ಚಿದರೆ ಗೊತ್ತಾಗುತ್ತದೆ.

ಕೊಪ್ಪಳ_ಪದ್ಮಿನಿ
ಡ್ರಮ್ ಬಿಚ್ಚಿದಾಗ ಒಳಗಿನ ಧೂಳನ್ನು ಏರ್ ಹಿಡಿದು ಊದಬೇಡಿ. ಶೂ ಮೇಲೆ ಅಂಟಿಸಿರುವ ಹಳೇ ಲೈನರಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಉಸಿರಿನಲ್ಲಿ ಹೋದರೆ ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯನ್ನೇ ಕವರಿನಲ್ಲಿ ಕಟ್ಟಿ ಎಸೆಯಿರಿ. ನನ್ನದು ಪದ್ಮಿನಿ, 1089 ಸಿಸಿ, ನಾಲ್ಕೂ ಡ್ರಮ್. ನಾನು ಹಾಗೇ ಮಾಡುತ್ತೇನೆ.

ಬಳ್ಳಾರಿ_ಮಾರ್ಕ್4
ಪರೀಕ್ಷೆ ಮಾಡಿದೆ ಸರ್. ನಿಪ್ಪಲ್ ಬಿಚ್ಚಿದರೆ ನಾಲ್ಕು ತೊಟ್ಟು ಬಂತು, ಅಷ್ಟೇ. ಗಾಲಿ ಎರಡು ಕೈಯಲ್ಲಿ ತಿರುಗಿಸಿದರೂ ಬರ್ರ್ ಅಂತ ಕಷ್ಟಪಟ್ಟು ತಿರುಗುತ್ತದೆ. ಡ್ರಮ್ ಬಿಚ್ಚಿ ಫೋಟೋ ಹಾಕಿದ್ದೇನೆ. ಒಂದು ಶೂ ಮೇಲ್ಭಾಗದಲ್ಲಿ ಗಾಜಿನ ಹಾಗೆ ಹೊಳೆಯುತ್ತಿದೆ, ಕೆಳಭಾಗದಲ್ಲಿ ಲೈನರ್ ಮೇಲಿನ ಅಚ್ಚು ಅಕ್ಷರ ಕೂಡ ಅಳಿಸಿಲ್ಲ.

ರಾಯಚೂರು_ಲೇತ್
ಫೋಟೋ ಚೆನ್ನಾಗಿದೆ. ಆ ಶೂ ತನ್ನ ಜಾಗಕ್ಕೆ ವಾಪಸ್ ಕೂರುತ್ತಿಲ್ಲ, ಮೇಲಿನ ತುದಿಯನ್ನು ಏನೋ ಹೊರಗೆ ತಳ್ಳಿ ಹಿಡಿದಿದೆ. ಹ್ಯಾಂಡ್ ಬ್ರೇಕ್ ಹೇಗಿದೆ?

ಬಳ್ಳಾರಿ_ಮಾರ್ಕ್4
ಹ್ಯಾಂಡ್ ಬ್ರೇಕ್ ಎಳೆದಿರಲಿಲ್ಲ ಸರ್, ಅಷ್ಟು ನೋಡಿಕೊಂಡಿದ್ದೇನೆ. ಅದು ಎರಡು ವರ್ಷದಿಂದ ಹಿಡಿಯುತ್ತಲೇ ಇರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಗಾಡಿ ಶೆಡ್ಡಿನಲ್ಲೇ ನಿಂತಿತ್ತು. ಈಗ ಶೂ ಹಾಕುವಾಗ ಮೊದಲು ಅದನ್ನೇ ಟೈಟ್ ಮಾಡಿದೆ, ಆಮೇಲೆ ಶೂ ಅಡ್ಜಸ್ಟ್ ಮಾಡಿದೆ.

ರಾಯಚೂರು_ಲೇತ್
ಇದನ್ನು ಮೊದಲನೇ ದಿನ ಹೇಳಿದ್ದರೆ ಹೋಸಿನ ದುಡ್ಡು ಉಳಿಯುತ್ತಿತ್ತು. ಎರಡು ವರ್ಷ ನಿಂತ ಗಾಡಿ ಅಂದರೆ ಲೆಕ್ಕವೇ ಬೇರೆ. ಕೆಲಸದ ಕ್ರಮವೂ ಉಲ್ಟಾ ಆಗಿದೆ. ಮೊದಲು ಹ್ಯಾಂಡ್ ಬ್ರೇಕ್ ಪೂರ್ತಿ ಸಡಿಲ ಬಿಡಬೇಕು. ಶೂ ಡ್ರಮ್‌ಗೆ ತಾಗುವವರೆಗೆ ಅಡ್ಜಸ್ಟರ್ ತಿರುಗಿಸಿ, ಗಾಲಿ ಸಲೀಸಾಗಿ ತಿರುಗುವಷ್ಟು ಹಿಂದಕ್ಕೆ ಬಿಡಬೇಕು. ಕೊನೆಗೆ ಕೇಬಲ್.

ಈಗ ಎಡಗಾಲಿ ಹಿಂದೆ, ಬ್ಯಾಕ್ ಪ್ಲೇಟಿನಿಂದ ಹೊರಗೆ ಬಂದಿರುವ ಹ್ಯಾಂಡ್ ಬ್ರೇಕ್ ಲಿವರ್ ಇದೆಯಲ್ಲ, ಅದಕ್ಕೆ ಕಟ್ಟಿದ್ದನ್ನು ಬಿಚ್ಚಿ. ಲಿವರ್ ತಾನಾಗಿ ವಾಪಸ್ ಹೋಗುತ್ತದಾ ನೋಡಿ. ಬಲಗಡೆಯೂ ಬಿಚ್ಚಿ ಹೋಲಿಸಿ. ಹಾಗೇ ಸಿಲಿಂಡರನ್ನೂ ಕೈಯಲ್ಲಿ ಅಲ್ಲಾಡಿಸಿ ನೋಡಿ, ಪ್ಲೇಟಿನ ಸೀಳಿನಲ್ಲಿ ಸರಿಯುವ ತರದ್ದು ಆಗಿದ್ದರೆ ಅದು ಸಲೀಸಾಗಿ ಸರಿಯಬೇಕು.

ಸಿರುಗುಪ್ಪ_ಇಸುಝು
ಎರಡು ವರ್ಷ ನಿಂತಿದ್ದರೆ ಆಯಿಲ್ ನೀರು ಹೀರಿರುತ್ತದೆ. ಮಾಸ್ಟರ್ ಸಿಲಿಂಡರ್ ಕಿಟ್ಟೂ ಬದಲಿಸಿ, ಬಿಡಬೇಡಿ.

ಬಳ್ಳಾರಿ_ಮಾರ್ಕ್4
ಸರ್, ಸಿಕ್ಕಿತು.

ಬಲಗಡೆ ಲಿವರ್ ಬಿಚ್ಚಿದ ತಕ್ಷಣ ಟಕ್ ಅಂತ ಹಿಂದೆ ಹೋಯಿತು. ಎಡಗಡೆಯದು ಬಿಚ್ಚಿದರೂ ಅಲ್ಲೇ ನಿಂತಿತ್ತು, ಅರ್ಧ ಎಳೆದ ಹಾಗೆ. ಸ್ಕ್ರೂ ಡ್ರೈವರ್ ಹಿಡಿಯಿಂದ ತಳ್ಳಿದೆ, ಕಿರ್ ಅಂತ ಹಿಂದೆ ಹೋಯಿತು, ಅದೇ ಕ್ಷಣ ಗಾಲಿ ಸಡಿಲ. ಕೈಯಲ್ಲಿ ಒಂದು ಸಲ ತಳ್ಳಿದರೆ ಎರಡು ಸುತ್ತು ತಿರುಗಿತು. ಲಿವರಿನ ಪಿನ್ ಸುತ್ತ ಕೆಂಪು ಮಣ್ಣು ಕಲ್ಲಾಗಿ ಕೂತಿದೆ. ನಮ್ಮ ಮನೆ ಮುಂದೆ ಅದಿರು ಲಾರಿಗಳು ಹಗಲು ರಾತ್ರಿ ಓಡುತ್ತಿದ್ದ ಕಾಲದ ಧೂಳು, ಎರೆಮಣ್ಣಿನ ಹಾಗೆ ಉದುರುವುದಿಲ್ಲ, ಗ್ರೀಸ್ ಜೊತೆ ಸೇರಿ ಇಟ್ಟಿಗೆ ಆಗಿದೆ. ಉಗುರಿನಲ್ಲಿ ಕೆರೆದರೂ ಬರಲಿಲ್ಲ, ಹಳೇ ಹ್ಯಾಕ್ಸಾ ಬ್ಲೇಡಿನಲ್ಲಿ ತೆಗೆದೆ.

ರಾಯಚೂರು_ಲೇತ್
ಅಲ್ಲಿ ರಬ್ಬರ್ ಟೋಪಿ ಇರಬೇಕಲ್ಲ? ಲಿವರ್ ಹೊರಗೆ ಬರುವ ಬಾಯಿಗೆ?

ಬಳ್ಳಾರಿ_ಮಾರ್ಕ್4
ಎಡಗಡೆಯದು ಹರಿದಿತ್ತು, ತೆಗೆದು ಹಾಕಿದೆ. ತಂದ ಕಿಟ್ಟಿನಲ್ಲಿ ಅದು ಬಂದಿರಲಿಲ್ಲ. ಧೂಳು ತಡೆಯುವುದಕ್ಕಷ್ಟೇ ತಾನೇ ಅಂತ ಇಲ್ಲಿ ಬರೆಯಲಿಲ್ಲ.

ರಾಯಚೂರು_ಲೇತ್
ಅದೇ ಅದರ ಕೆಲಸ. ಟೋಪಿ ಇಲ್ಲದಿದ್ದರೆ ಮುಂದಿನ ಬೇಸಿಗೆಗೆ ಇದೇ ಜಾಗಕ್ಕೆ ಬರುತ್ತೀರಿ. ಪಿನ್ ತೆಗೆದು ಎಮರಿ ಪೇಪರ್ ಹೊಡೆಯಿರಿ, ಬಿಸಿ ತಡೆಯುವ ಗ್ರೀಸ್ ಬೆರಳ ತುದಿಯಷ್ಟು ಸವರಿ. ಜಾಸ್ತಿ ಬೇಡ, ಕರಗಿ ಲೈನರ್ ಮೇಲೆ ಬೀಳುತ್ತದೆ. ಹೊಳೆಯುವ ಶೂಗೂ ಎಮರಿ ಹಿಡಿಯಿರಿ. ಡ್ರಮ್ ಅಷ್ಟು ಕಾದಿದೆ, ಸೊಟ್ಟ ಆಗಿದೆಯಾ ಅಂತ ಯಾವುದಾದರೂ ಲೇತಿನಲ್ಲಿ ಕಟ್ಟಿ ತೋರಿಸಿ. ಆಕ್ಸಲ್ ಆಯಿಲ್ ಸೀಲ್ ಕೂಡ ನೋಡಿ, ಆ ಬಿಸಿಗೆ ರಬ್ಬರ್ ಗಟ್ಟಿ ಆಗಿ ಸೋರಲು ಶುರು ಮಾಡುತ್ತದೆ.

ಗಂಗಾವತಿ_ಅಂಬಿ
ಸರಿ ಆಯಿತಲ್ಲ, ಒಳ್ಳೇದಾಯಿತು ತಮ್ಮಾ. ಆದರೂ ಹಳೇ ಹೋಸ್ ಎಸೆಯಬೇಡ. ಉದ್ದಕ್ಕೆ ಸೀಳಿ ಒಳಗೆ ನೋಡು. ಊದಿರುತ್ತದೆ, ನಾನು ಹೇಳುತ್ತೇನೆ.

ಬಳ್ಳಾರಿ_ಮಾರ್ಕ್4
ಸೀಳಿ ನೋಡಿದೆ ಅಣ್ಣ. ಒಳಗೆ ಸ್ವಲ್ಪ ಬಿರುಕು ಇತ್ತು, ದಾರಿ ತೆರೆದೇ ಇತ್ತು. ಬದಲಿಸಿದ್ದು ವೇಸ್ಟ್ ಅಂತ ಅನ್ನಿಸಲಿಲ್ಲ.

ಡ್ರಮ್ ಲೇತಿಗೆ ಕೊಟ್ಟೆ, ತೆಳ್ಳಗೆ ಒಂದು ಸಲ ಉಜ್ಜಿ ಕೊಟ್ಟರು. ನಿನ್ನೆ ಅಮ್ಮನನ್ನು ಕರೆದುಕೊಂಡು ಹೊಸಪೇಟೆಗೆ ಹೋಗಿ ಬಂದೆ. ಡ್ಯಾಮ್ ಹತ್ತಿರ ನಿಲ್ಲಿಸಿ ಎರಡೂ ಡ್ರಮ್ ಮೇಲೆ ಅಂಗೈ ಇಟ್ಟೆ. ಎಡ ಬಲ ಒಂದೇ ಬೆಚ್ಚಗೆ. ಅಮ್ಮ ಕಿಟಕಿಯಿಂದ ನೋಡುತ್ತಾ, ನಿಮ್ಮಪ್ಪನೂ ಇಲ್ಲೇ ನಿಲ್ಲಿಸಿ ಹೀಗೇ ಮುಟ್ಟಿ ನೋಡುತ್ತಿದ್ದರು ಅಂದರು.

ರಬ್ಬರ್ ಟೋಪಿ ಮಾತ್ರ ಇನ್ನೂ ಸಿಕ್ಕಿಲ್ಲ. ಸದ್ಯಕ್ಕೆ ಹಳೇ ಟ್ಯೂಬ್ ಕತ್ತರಿಸಿ ತಂತಿ ಕಟ್ಟಿದ್ದೇನೆ. 2014ರಲ್ಲಿ ಗಾಡಿ ಬರುವುದೇ ನಿಂತ ಮೇಲೆ ಇಂಥ ಚಿಕ್ಕ ಸಾಮಾನಿಗೇ ಜಾಸ್ತಿ ಕಷ್ಟ.

ಸಿರುಗುಪ್ಪ_ಇಸುಝು
ನನ್ನ ಹತ್ತಿರ ಒಂದು ಜೊತೆ ಇದೆ. ಆದರೆ ನನ್ನದು ಆಮೇಲಿನ ಮಾಡೆಲ್, ಕೂರುತ್ತದೋ ಇಲ್ಲವೋ. ನಿಮ್ಮ ಬಲಗಡೆಯದು ಚೆನ್ನಾಗಿದೆಯಲ್ಲ, ಅಳತೆ ಹಾಕಿ.

ಕೊಪ್ಪಳ_ಪದ್ಮಿನಿ
ಅಳತೆ ನನಗೂ ಬೇಕು. ಗಂಗಾವತಿ ಕಡೆ ರೈಸ್ ಮಿಲ್ಲುಗಳಿಗೆ ರಬ್ಬರ್ ಸಾಮಾನು ಅಚ್ಚು ಹಾಕಿಕೊಡುವವರು ಇದ್ದಾರೆ, ಹತ್ತಾರು ಜನ ಸೇರಿದರೆ ನಮಗೂ ಮಾಡಿಕೊಟ್ಟಾರು. ಗಂಗಾವತಿ ಅಣ್ಣ, ಕೇಳಿ ನೋಡುತ್ತೀರಾ?

ಗಂಗಾವತಿ_ಅಂಬಿ
ಕೇಳುತ್ತೇನೆ. ಸ್ಯಾಂಪಲ್ ಬೇಕು, ಬರೀ ಅಳತೆ ಸಾಲದು.

ಬಳ್ಳಾರಿ_ಮಾರ್ಕ್4
ಭಾನುವಾರ ಬಲಗಡೆಯದನ್ನು ಬಿಚ್ಚಿ ಕಳಿಸುತ್ತೇನೆ. ಅಲ್ಲಿಯವರೆಗೆ ಆ ಕಡೆಗೂ ಟ್ಯೂಬೇ ಕಟ್ಟುತ್ತೇನೆ.