ಮೂಡಲ್‌ನಲ್ಲಿರುವ ತರಬೇತಿ ಕೋರ್ಸನ್ನು ಲಾಗಿನ್ ಇಲ್ಲದವರಿಗೂ ತೋರಿಸೋದು ಹೇಗೆ?

ತೋಟದ ಪಾಠ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ನಮ್ಮ ಬೆಳೆಗಾರರ ಗುಂಪಿನಿಂದ ಅಡಿಕೆ ಕೊಳೆರೋಗದ ಬಗ್ಗೆ ಮೂಡಲ್ 4ರಲ್ಲಿ (ಆನ್‌ಲೈನ್ ಪಾಠ ನಡೆಸೋ ತಂತ್ರಾಂಶ) ಕೋರ್ಸ್ ಮಾಡಿದ್ದೇವೆ. 9 ಪಾಠ, 11 ವಿಡಿಯೋ, ನಡುನಡುವೆ ಕ್ವಿಜ್, ಕೊನೆಗೆ ಚರ್ಚೆಗೊಂದು ಫೋರಂ. ಹೆಸರು ಕೊಟ್ಟ 60 ಜನ ಲಾಗಿನ್ ಆಗಿ ನೋಡ್ತಿದ್ದಾರೆ, ಅಲ್ಲಿ ಏನೂ ತೊಂದರೆ ಇಲ್ಲ.

ಈಗ ಸಾಗರ, ಹೊಸನಗರ ಕಡೆಯವರೂ ಕೇಳ್ತಿದ್ದಾರೆ. ಮೊದಲ ಔಷಧಿ ಹೊಡೆಯೋ ಹೊತ್ತಿಗೆ, ಅಂದರೆ ಮಳೆ ಹಿಡಿಯೋ ಮೊದಲೇ, ಅವರ ಕೈಗೆ ಸಿಗಬೇಕು. ಲಿಂಕ್ ಕಳಿಸಿದರೆ ಲಾಗಿನ್ ಪುಟ ಬರ್ತದೆ. ಗೆಸ್ಟ್ ಆಕ್ಸೆಸ್ (ಖಾತೆ ಇಲ್ಲದವರು ಅತಿಥಿಯಾಗಿ ಒಳಗೆ ಬರೋ ಅವಕಾಶ) ಹಾಕಿ ನೋಡಿದೆವು. ಒಳಗೆ ಬಂದವರಿಗೆ ಮೊದಲ ಪಾಠ ಮಾತ್ರ ತೆರೆಯುತ್ತದೆ, ಉಳಿದದ್ದಕ್ಕೆಲ್ಲ ಬೀಗದ ಗುರುತು. ಅದರ ಮೇಲೆ ಎರಡು ವಿಡಿಯೋಗೆ ‘ಅನುಮತಿ ಬೇಕು’ ಅಂತ ಬರ್ತದಂತೆ. ನಮ್ಮ ಫೋನಿನಲ್ಲಿ ಎಲ್ಲ ಚೆನ್ನಾಗಿ ಓಡ್ತದೆ. ಎಲ್ಲಿ ತಪ್ಪಿದ್ದೇವೆ?

ತುಂಗಾತೀರ (ಶಿವಮೊಗ್ಗ)

ಬೀಗ ಬಿದ್ದಿರೋದು ಗೆಸ್ಟ್ ಆಕ್ಸೆಸ್‌ನಿಂದ ಅಲ್ಲ ಸರ್, ಪಾಠಗಳಿಗೆ ನೀವೇ ಇಟ್ಟಿರೋ ಶರತ್ತಿನಿಂದ. ‘ಹಿಂದಿನ ಪಾಠ ಮುಗಿದರೆ ಮಾತ್ರ ಮುಂದಿನದು’ ಅಂತ ರಿಸ್ಟ್ರಿಕ್ಟ್ ಆಕ್ಸೆಸ್‌ನಲ್ಲಿ ಹಾಕಿರ್ತೀರಿ. ಅತಿಥಿಯಾಗಿ ಬಂದವರ ಹೆಸರಲ್ಲಿ ಮೂಡಲ್ ಯಾವ ಲೆಕ್ಕವನ್ನೂ ಬರೆದಿಡೋದಿಲ್ಲ. ಮೊದಲ ಪಾಠವನ್ನು ಹತ್ತು ಸಲ ನೋಡಿದರೂ ‘ಮುಗಿಯಿತು’ ಅಂತ ಗುರುತು ಬೀಳೋದಿಲ್ಲ, ಹಾಗಾಗಿ ಎರಡನೆಯದು ಯಾವತ್ತೂ ತೆರೆಯೋದಿಲ್ಲ. ಕ್ವಿಜ್ ಬರೆಯೋಕೂ ಆಗೋದಿಲ್ಲ, ಪ್ರಮಾಣಪತ್ರವೂ ಸಿಗೋದಿಲ್ಲ. ಫೋರಂನಲ್ಲಿ ಓದಬಹುದು, ಬರೆಯೋ ಹಾಗಿಲ್ಲ.

ಹಾಗಂತ ಈಗಿರೋ ಕೋರ್ಸಿನ ಶರತ್ತು ತೆಗೆಯಬೇಡಿ, 60 ಜನರ ಕಲಿಕೆಯ ಕ್ರಮ ಹಾಳಾಗುತ್ತದೆ. ಇನ್ನೊಂದು ವಿಷಯ ಅದಕ್ಕಿಂತ ಮುಖ್ಯ: ನಿಮ್ಮ ಫೋರಂನಲ್ಲಿ ಜನ ತಮ್ಮ ಹೆಸರು, ಊರು, ಫೋನ್ ನಂಬರ್ ಬರೆದಿರ್ತಾರೆ. ಗೆಸ್ಟ್ ಆಕ್ಸೆಸ್ ತೆರೆದ ಕೂಡಲೇ ಅದೆಲ್ಲ ಹೊರಗಿನವರ ಕಣ್ಣಿಗೂ ಬೀಳುತ್ತದೆ. ದಯವಿಟ್ಟು ಇವತ್ತೇ ಅದನ್ನು ಮುಚ್ಚಿಬಿಡಿ: ಪಾರ್ಟಿಸಿಪೆಂಟ್ಸ್ ಪುಟದಲ್ಲಿ ಎನ್‌ರೋಲ್‌ಮೆಂಟ್ ಮೆಥಡ್ಸ್‌ಗೆ ಹೋಗಿ ಗೆಸ್ಟ್ ಆಕ್ಸೆಸ್ ಎದುರಿನ ಕಣ್ಣಿನ ಗುರುತು ಒತ್ತಿದರೆ ಸಾಕು.

ಆಮೇಲೆ ನೋಡುವವರಿಗೆ ಬೇರೆಯೇ ಪ್ರತಿ ಮಾಡಿ. ಕೋರ್ಸ್ ಪುಟದ ಮೋರ್‌ನಲ್ಲಿ ಕೋರ್ಸ್ ರೀಯೂಸ್, ಅದರೊಳಗೆ ಕಾಪಿ ಕೋರ್ಸ್. ಶಾರ್ಟ್ ನೇಮ್ ಬೇರೆ ಕೊಡಬೇಕು, ಅದೇ ಹೆಸರು ಕೊಟ್ಟರೆ ಮುಂದೆ ಹೋಗೋದಿಲ್ಲ. ಯೂಸರ್ ಡೇಟಾ ಸೇರಿಸಬೇಕೇ ಅಂದರೆ ನೋ. ನಕಲು ಹಿನ್ನೆಲೆಯಲ್ಲಿ ಆಗುತ್ತದೆ, ಅದಕ್ಕೆ ಸರ್ವರ್‌ನಲ್ಲಿ ಕ್ರಾನ್ (ಹೊತ್ತುಹೊತ್ತಿಗೆ ತಾನಾಗಿ ಕೆಲಸ ಮಾಡಿಸೋ ವ್ಯವಸ್ಥೆ) ಓಡ್ತಿರಬೇಕು. ಗಂಟೆಗಟ್ಟಲೆ ‘ಪೆಂಡಿಂಗ್’ ಅಂತಲೇ ಇದ್ದರೆ ಕ್ರಾನ್ ನಿಂತಿದೆ ಅಂತ ಲೆಕ್ಕ, ಸರ್ವರ್ ನೋಡಿಕೊಳ್ಳೋರಿಗೆ ಹೇಳಿ.

ಹೊಸ ಪ್ರತಿಯಲ್ಲಿ ಪ್ರತಿ ಪಾಠದ ಶರತ್ತು ತೆಗೆದು, ಕ್ವಿಜ್, ಫೋರಂ ಎರಡನ್ನೂ ಅಳಿಸಿ. ಕ್ವಿಜ್ ಇದ್ದಲ್ಲಿ ಅದೇ ಪ್ರಶ್ನೆಗಳನ್ನು ಒಂದು ಪುಟದಲ್ಲಿ ಹಾಕಿ ಕೆಳಗೆ ಉತ್ತರ ಕೊಟ್ಟರಾಯ್ತು. ಇಲ್ಲಿ ಗೆಸ್ಟ್ ಆಕ್ಸೆಸ್ ತೆರೆಯಿರಿ. ಪಾಸ್‌ವರ್ಡ್ ಬೇಡ, ಹಾಕಿದರೆ ಅರ್ಧ ಜನ ಅಲ್ಲೇ ವಾಪಸ್ ಹೋಗ್ತಾರೆ.

ಲಾಗಿನ್ ಪುಟ ತಪ್ಪಿಸೋಕೆ ಸೈಟ್ ಅಡ್ಮಿನಿಸ್ಟ್ರೇಷನ್‌ನ ಯೂಸರ್ಸ್ ಅಡಿಯಲ್ಲಿ ಯೂಸರ್ ಪಾಲಿಸೀಸ್ ಇದೆ. ಅಲ್ಲಿ ಆಟೋ ಲಾಗಿನ್ ಗೆಸ್ಟ್ಸ್‌ಗೆ ಟಿಕ್ ಹಾಕಬೇಕು. ಇದು ಅಡ್ಮಿನ್ ಕೈಯಲ್ಲಿರೋ ಕೆಲಸ, ಕೋರ್ಸ್ ಮಾಡಿದ ಶಿಕ್ಷಕರಿಗೆ ಆ ಪುಟವೇ ಕಾಣೋದಿಲ್ಲ.

ವರದಾಮೂಲ (ಸಾಗರ)

ಆ ಎರಡು ವಿಡಿಯೋ ಗೂಗಲ್ ಡ್ರೈವ್‌ನಲ್ಲಿರಬೇಕು, ಉಳಿದದ್ದು ಯೂಟ್ಯೂಬ್‌ನಲ್ಲಿ. ಡ್ರೈವ್‌ನಲ್ಲಿ ಹಾಕಿದ ಕಡತ ಮೊದಲಿಗೆ ರಿಸ್ಟ್ರಿಕ್ಟೆಡ್ ಆಗಿರ್ತದೆ. ಹಾಕಿದವರು ಅದೇ ಖಾತೆಯಲ್ಲಿ ಲಾಗಿನ್ ಆಗಿರೋದರಿಂದ ಅವರ ಫೋನಿನಲ್ಲಿ ಸಲೀಸಾಗಿ ಓಡ್ತದೆ. ಶೇರ್ ಒತ್ತಿ ‘ಎನಿವನ್ ವಿತ್ ದ ಲಿಂಕ್’, ಎದುರಿಗೆ ವ್ಯೂವರ್ ಅಂತ ಇಡಿ. ಎಡಿಟರ್ ಅಂತ ಇಟ್ಟರೆ ಯಾರು ಬೇಕಾದರೂ ಬದಲಾಯಿಸಬಹುದು. ಸಂಸ್ಥೆಯ ಖಾತೆ ಆಗಿದ್ದರೆ ಆ ಆಯ್ಕೆಯೇ ಇಲ್ಲದಿರಬಹುದು, ಅಡ್ಮಿನ್ ಹೊರಗಿನವರಿಗೆ ಹಂಚೋದನ್ನು ಮುಚ್ಚಿರ್ತಾರೆ.

ನನ್ನ ಕೇಳಿದರೆ ಅವೆರಡನ್ನೂ ಯೂಟ್ಯೂಬ್‌ಗೇ ಹಾಕಿ. ಒಂದೇ ದಿನ ತುಂಬಾ ಜನ ನೋಡಿದರೆ ಡ್ರೈವ್ ವಿಡಿಯೋ ತಾತ್ಕಾಲಿಕವಾಗಿ ನಿಂತುಬಿಡೋದುಂಟು. ಅನ್‌ಲಿಸ್ಟೆಡ್ ಇಟ್ಟರೆ ಲಿಂಕ್ ಇದ್ದವರೆಲ್ಲ ನೋಡಬಹುದು, ಹುಡುಕಿದರೆ ಸಿಗೋದಿಲ್ಲ. ಪ್ರೈವೇಟ್ ಇಟ್ಟರೆ ಇಮೇಲ್ ಹಾಕಿ ಕರೆದವರು ಮಾತ್ರ. ಶೋ ಮೋರ್ ಒತ್ತಿದಾಗ ಸಿಗೋ ಅಲೋ ಎಂಬೆಡಿಂಗ್‌ಗೆ ಟಿಕ್ ಇರಲಿ, ಇಲ್ಲದಿದ್ದರೆ ಮೂಡಲ್ ಪುಟದೊಳಗೆ ಓಡೋದಿಲ್ಲ. ವಿಳಾಸವನ್ನು ಶೇರ್ ಗುಂಡಿಯಿಂದಲೇ ತಗೊಳ್ಳಿ. ‘ಸ್ಟುಡಿಯೋ’ ಅಂತ ಶುರುವಾಗೋ ವಿಳಾಸ ಚಾನೆಲ್‌ನವರಿಗೆ ಮಾತ್ರ ತೆರೆಯೋದು.

ಎಲ್ಲ ಆದಮೇಲೆ ಕ್ರೋಮ್‌ನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಮೊದಲಿಂದ ಕೊನೇವರೆಗೆ 11 ವಿಡಿಯೋವನ್ನೂ ಒತ್ತಿ ನೋಡಿ. ಅಲ್ಲಿ ನೀವೂ ಹೊರಗಿನವರೇ.

ಕೊಡಚಾದ್ರಿ ತಪ್ಪಲು (ಹೊಸನಗರ)

ಸೆಟ್ಟಿಂಗ್ ಎಲ್ಲ ಸರಿ ಮಾರಾಯ್ರೆ, ಮಳೆ ಶುರುವಾದ ಮೇಲೆ ನಮ್ಮ ಕಡೆ ಕರೆಂಟ್ ಹೋದರೆ ಟವರ್ರೂ ಹೋಯ್ತು. ಇಳಿಸಿಕೊಂಡು ನೋಡೋ ಪ್ರತಿ ಒಂದು ಇರಲೇಬೇಕು.

ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ 480ಪಿ (ಚಿತ್ರದ ಸ್ಪಷ್ಟತೆಯ ಮಟ್ಟ), ವಿಡಿಯೋ ಬಿಟ್‌ರೇಟ್ 800 ಕೆಬಿಪಿಎಸ್, ಧ್ವನಿ 64 ಇಟ್ಟು ವಿಡಿಯೋ ಗಾತ್ರ ಕುಗ್ಗಿಸಿ. ನಿಮಿಷಕ್ಕೆ ಸುಮಾರು 6.5 ಎಂಬಿ ಬೀಳ್ತದೆ. 8 ನಿಮಿಷದ ವಿಡಿಯೋ 52 ಎಂಬಿ, ಅಂಥ 11 ಸೇರಿದರೂ 600ರ ಒಳಗೆ. ಪೆನ್‌ಡ್ರೈವ್‌ನಲ್ಲಿ ಸೊಸೈಟಿಗೆ ಕೊಟ್ಟರೆ ಅಲ್ಲಿ ಬಂದವರು ಹಾಕಿಸಿಕೊಳ್ತಾರೆ. ವಾಟ್ಸಾಪ್‌ನಲ್ಲಿ ಕಳಿಸೋದಾದರೆ ವಿಡಿಯೋ ಅಂತ ಅಲ್ಲ, ಡಾಕ್ಯುಮೆಂಟ್ ಅಂತ ಕಳಿಸಿ. ಇಲ್ಲದಿದ್ದರೆ ಅದು ಮತ್ತೊಮ್ಮೆ ಕುಗ್ಗಿಸ್ತದೆ.

ಕುಗ್ಗಿದಾಗ ಏನು ಕಳೆದುಹೋಗ್ತದೆ ಅಂತ ಗಮನಿಸಿ. ಬೋರ್ಡೋ (ಕೊಳೆರೋಗಕ್ಕೆ ಹೊಡೆಯೋ ಮೈಲುತುತ್ತ, ಸುಣ್ಣದ ದ್ರಾವಣ) ಪಾಠದಲ್ಲಿ ಕತ್ತಿ ಪರೀಕ್ಷೆ ಇರ್ತದಲ್ಲ: ತಿಕ್ಕಿ ಬೆಳಗಿದ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆದಾಗ ಅಲಗಿಗೆ ಕೆಂಪು ಲೇಪ ಕೂತರೆ ತುತ್ತ ಹೆಚ್ಚಾಗಿದೆ, ಇನ್ನೂ ಸುಣ್ಣದ ತಿಳಿ ಬೇಕು. ಮಣ್ಣಿನಂಗಳದ ಹಿನ್ನೆಲೆಯಲ್ಲಿ ತೆಗೆದ ಚಿತ್ರ 240ಪಿಗೆ ಇಳಿದಾಗ ಆ ಕೆಂಪು ಕಾಣೋದೇ ಇಲ್ಲ. ಇಡೀ ಪಾಠ ಇರೋದೇ ಆ ಬಣ್ಣದಲ್ಲಿ. ಅಲಗನ್ನು ಬಿಳಿ ತಟ್ಟೆ ಮೇಲೆ ಇಟ್ಟು ಹತ್ತಿರದಿಂದ ತೆಗೆದು, 5 ಸೆಕೆಂಡು ಹಾಗೇ ನಿಲ್ಲಿಸಿ. ಅಳತೆಗಳನ್ನು ಮಾತಿನಲ್ಲಿ ಬಿಟ್ಟುಬಿಡಬೇಡಿ, ಎರಡು ಪುಟದ ಪಿಡಿಎಫ್ ಮಾಡಿ ಜೊತೆಗಿಡಿ.

ತೋಟದ ಪಾಠ (ತೀರ್ಥಹಳ್ಳಿ)

ಮೊದಲು ಗೆಸ್ಟ್ ಆಕ್ಸೆಸ್ ಮುಚ್ಚಿದೆವು, ಫೋರಂನಲ್ಲಿ ನಿಜಕ್ಕೂ ನಂಬರುಗಳಿದ್ದವು. ಪ್ರತಿ ಮಾಡಿ, ಶರತ್ತು ತೆಗೆದ ಮೇಲೆ ಎಲ್ಲ ಪಾಠವೂ ತೆರೆಯುತ್ತಿದೆ. ತುಂಬಾ ಉಪಕಾರ ಆಯ್ತು.

ಒಂದು ವಿಡಿಯೋದಲ್ಲಿ ತಪ್ಪು ಸಿಕ್ಕಿದೆ: ಸುಣ್ಣದ ನೀರನ್ನು ತುತ್ತದ ನೀರಿಗೆ ಹಾಕಿ ಅಂದುಬಿಟ್ಟಿದ್ದೇವೆ. ಅದೇ ಲಿಂಕ್ ಇಟ್ಟುಕೊಂಡು ವಿಡಿಯೋ ಬದಲಾಯಿಸಬಹುದಾ? ಇನ್ನು ಚಿತ್ರಗಳಲ್ಲಿ ಕೆಲವು ಬೇರೆಯವರ ಕರಪತ್ರದಿಂದ ತಗೊಂಡದ್ದು.

ತುಂಗಾತೀರ (ಶಿವಮೊಗ್ಗ)

ಯೂಟ್ಯೂಬ್‌ನಲ್ಲಿ ಆಗೋದಿಲ್ಲ ಸರ್. ಬೇಡದ ಭಾಗ ಕತ್ತರಿಸಬಹುದು, ಬೇರೆ ವಿಡಿಯೋ ಅದೇ ವಿಳಾಸಕ್ಕೆ ಕೂರಿಸೋ ಹಾಗಿಲ್ಲ. ಹೊಸದಾಗಿ ಹಾಕಿ, ಮೂಡಲ್ ಪುಟದಲ್ಲಿ ವಿಳಾಸ ಬದಲಾಯಿಸಿ. ಎರಡು ಕೋರ್ಸಿಗೂ ಪರಸ್ಪರ ಸಂಬಂಧ ಇಲ್ಲ, ಒಂದರಲ್ಲಿ ತಿದ್ದಿದ್ದು ಇನ್ನೊಂದಕ್ಕೆ ತಾನಾಗಿ ಬರೋದಿಲ್ಲ. ಹಾಗಾಗಿ ಎರಡೂ ಕಡೆ ಮಾಡಬೇಕು. ಹಳೆಯದನ್ನು ಪ್ರೈವೇಟ್ ಮಾಡಿ. ಅನ್‌ಲಿಸ್ಟೆಡ್ ಬಿಟ್ಟರೆ ಈಗಾಗಲೇ ಫಾರ್ವರ್ಡ್ ಆದ ಲಿಂಕ್‌ಗಳಲ್ಲಿ ಅದೇ ತಪ್ಪು ಓಡ್ತಾ ಇರ್ತದೆ. ಮುಂದೆ ಬಿಡಿ ವಿಡಿಯೋ ಲಿಂಕ್ ಯಾರಿಗೂ ಕಳಿಸಬೇಡಿ, ಕೋರ್ಸ್ ಪುಟದ ಲಿಂಕ್ ಒಂದೇ ಸಾಕು.

ಹೊಸದರಲ್ಲಿ ಸ್ಪಷ್ಟವಾಗಿ ಹೇಳಿ: 1 ಕೆಜಿ ಮೈಲುತುತ್ತ 50 ಲೀಟರ್ ನೀರಿನಲ್ಲಿ, 1 ಕೆಜಿ ಸುಣ್ಣ ಇನ್ನೊಂದು 50 ಲೀಟರ್‌ನಲ್ಲಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕದಡಬೇಕು. ಪ್ಲಾಸ್ಟಿಕ್ ಡ್ರಮ್ ಇರಲಿ, ಕಬ್ಬಿಣದ ಪಾತ್ರೆ ಬೇಡ.

ವರದಾಮೂಲ (ಸಾಗರ)

ಕರಪತ್ರದ ಚಿತ್ರಕ್ಕೆ ಬರಹದಲ್ಲಿ ಅನುಮತಿ ಕೇಳಿ. ಇರುವಕ್ಕಿಯ ಕೃಷಿ ತೋಟಗಾರಿಕೆ ವಿವಿಯದ್ದಾದರೂ ಅಷ್ಟೇ, ಖಾಸಗಿಯವರದ್ದಾದರೂ ಅಷ್ಟೇ. 60 ಜನರ ಒಳಗಿದ್ದದ್ದು ಈಗ ಯಾರಿಗೆ ಬೇಕಾದರೂ ಕಾಣೋ ಹಾಗೆ ಆಗಿದೆ. ಉತ್ತರ ಬರೋವರೆಗೆ ಆ ಚಿತ್ರ ತೆಗೆದು, ನಿಮ್ಮದೇ ತೋಟದ ಕೊಳೆತ ಕಾಯಿಯ ಫೋಟೋ ಹಾಕಿ. ಬೆಳೆಗಾರರಿಗೆ ಅದೇ ಚೆನ್ನಾಗಿ ಗುರುತು ಸಿಗೋದು.

ಸೊಸೈಟಿ ಬೋರ್ಡಿಗೆ ಕ್ಯೂಆರ್ ಅಂಟಿಸೋದಾದರೆ ಕ್ರೋಮ್‌ನಲ್ಲೇ ಮಾಡಿಕೊಳ್ಳಿ: ಕೋರ್ಸ್ ಪುಟ ತೆರೆದು ಶೇರ್ ಒತ್ತಿದರೆ ಕ್ಯೂಆರ್ ಕೋಡ್ ಆಯ್ಕೆ ಸಿಗ್ತದೆ. ಕೆಲವು ಉಚಿತ ತಾಣಗಳು ನಡುವೆ ತಮ್ಮ ವಿಳಾಸ ಸೇರಿಸಿ, ಸ್ವಲ್ಪ ದಿನ ಆದಮೇಲೆ ದುಡ್ಡು ಕೇಳಿ ನಿಲ್ಲಿಸಿಬಿಡ್ತವೆ. ಅಚ್ಚು ಹಾಕಿಸೋ ಮೊದಲು ಲಾಗಿನ್ ಆಗದ ಒಂದು ಫೋನಿನಲ್ಲಿ ಹಿಡಿದು ನೋಡಿ. ಹಾಳೆಗೆ ಲ್ಯಾಮಿನೇಷನ್ ಮಾಡಿಸಿ, ಜುಲೈಯ ಥಂಡಿಗೆ ಬರೀ ಕಾಗದ ಉಳಿಯೋದಿಲ್ಲ.