ಗೋಧಿ ಬೀಜಕ್ಕೆ ಹಚ್ಚುವ ಬ್ಯಾಕ್ಟೀರಿಯಾ ಜೀನ್ ತಿದ್ದಿದ್ದಾ? ಗೋಧಿನೂ ಬಿಟಿ ಹತ್ತಿ ಥರ ಆಗಿದೆಯಾ?

ಎರೆಹೊಲ_ಗದಗ
ರೋಣದ ಕಡೆ ನಮ್ಮದು ಎರೆ ಹೊಲ. ಹಿಂಗಾರಿಗೆ ಕಡಲೆ, ಬಿಳಿಜೋಳ ಬಿತ್ತಿ, ಮನೆ ಮಟ್ಟಿಗೆ ಒಂದಿಷ್ಟು ಜವೆ ಗೋಧಿ (ಖಪ್ಲಿ ಅಂತಾರಲ್ಲ ಅದು, ಬಾರ್ಲಿ ಅಲ್ಲ) ಹಾಕುತ್ತೇವೆ. ಈ ಸಲ ಗೊಬ್ಬರದ ಅಂಗಡಿಯವರು ಒಂದು ಪ್ಯಾಕೆಟ್ ಕೈಗಿಟ್ಟು, ಇದು ಜೀನ್ ತಿದ್ದಿ ಸುಧಾರಿಸಿದ ಬ್ಯಾಕ್ಟೀರಿಯಾ, ಬೀಜಕ್ಕೆ ಹಚ್ಚಿದರೆ ಯೂರಿಯಾನೇ ಬೇಡ ಅಂದರು. ಮೇಲೆ ಅಜೋಸ್ಪಿರಿಲಮ್ ಅಂತ ಬರೆದಿದೆ. ಮನೆಗೆ ತಂದರೆ ನಮ್ಮ ಕಾಕಾ ಬೇರೆ ರಾಗ ತೆಗೆದರು. ಈಗಿನ ಗೋಧಿ ಪೂರ್ತಿ ಬಿಟಿ ಆಗಿದೆಯಂತೆ, ಅದಕ್ಕೇ ಚಪಾತಿ ತಿಂದರೆ ಹೊಟ್ಟೆ ಉಬ್ಬುತ್ತದಂತೆ, ಜವೆ ಒಂದೇ ಕೈ ಹಚ್ಚದ ಗೋಧಿಯಂತೆ. ಇದರಲ್ಲಿ ಖರೆ ಎಷ್ಟು? ಪ್ಯಾಕೆಟ್ ಹಚ್ಚಲಾ ಬೇಡವಾ? ಗೊತ್ತಿದ್ದವರು ಬಿಡಿಸಿ ಹೇಳಿ.

ಪ್ರಯೋಗದ_ಪ್ಲಾಟು
ಧಾರವಾಡದಲ್ಲಿ ಎಂಎಸ್ಸಿ ಅಗ್ರಿ ಮಾಡುತ್ತಿದ್ದೇನೆ, ತಳಿ ಅಭಿವೃದ್ಧಿ ನನ್ನ ವಿಷಯ. ಮೊದಲು ಕಾಕಾ ಅವರ ಮಾತು ತಗೊಳ್ಳೋಣ. ಬಿಟಿ ಅಂದರೆ ಒಂದು ಬ್ಯಾಕ್ಟೀರಿಯಾದ ಜೀನ್ ಹಾಕಿ, ಹುಳಕ್ಕೆ ವಿಷ ಆಗುವ ಹಾಗೆ ಮಾಡಿದ ಬೆಳೆ. ನಮ್ಮ ದೇಶದಲ್ಲಿ ಹೊರಗಿನ ಜೀನ್ ಸೇರಿಸಿದ ಗೋಧಿ ಬೆಳೆಯಲು ಒಪ್ಪಿಗೆ ಸಿಕ್ಕೇ ಇಲ್ಲ. ಹತ್ತಿಗೆ 2002ರಲ್ಲಿ ಸಿಕ್ಕಿತು, ಬದನೆಗೆ 2010ರಲ್ಲಿ ತಡೆ ಬಿತ್ತು, ಸಾಸಿವೆ ಇನ್ನೂ ಕೋರ್ಟ್ ಮೆಟ್ಟಿಲು ಹತ್ತಿ ಇಳಿಯುತ್ತಿದೆ. ಗೋಧಿ ಆ ಸಾಲಿನಲ್ಲೇ ಇಲ್ಲ. ಹೊರದೇಶದ ಮಾತು ಬೇರೆ. ಅರ್ಜೆಂಟೀನಾದಲ್ಲಿ ಸೂರ್ಯಕಾಂತಿಯ ಒಂದು ಜೀನ್ ಹಾಕಿ ಬರ ತಡೆಯುವ ಗೋಧಿ ಮಾಡಿದ್ದಾರೆ, ಎಚ್‌ಬಿ4 ಅಂತ ಅದರ ಹೆಸರು.

ಹಾಗಂತ ಜವೆಗೆ ಯಾರೂ ಕೈ ಹಚ್ಚಿಲ್ಲ ಅನ್ನೋದೂ ಸುಳ್ಳು. ಹಳೆಯ ಎತ್ತರದ ಜವೆ ನೀರು, ಗೊಬ್ಬರ ಸ್ವಲ್ಪ ಜಾಸ್ತಿ ಆದರೆ ತೆನೆ ಭಾರಕ್ಕೆ ಮಲಗಿಬಿಡುತ್ತಿತ್ತು. ಅದಕ್ಕೇ ನಮ್ಮ ಕೃಷಿ ವಿಶ್ವವಿದ್ಯಾಲಯದವರು ಡಿಡಿಕೆ 1009, 1025, 1029 ಅಂತ ಗಿಡ್ಡ ಜವೆ ತಳಿಗಳನ್ನು ತಂದರು. ನಿಮ್ಮ ಮನೆಯ ಬೀಜ ಗಿಡ್ಡದಾಗಿದ್ದರೆ ಅದೂ ಇವುಗಳ ಪೈಕಿ ಒಂದಿರಬಹುದು. ಚಪಾತಿ ಗೋಧಿ ಗಿಡ್ಡ ಆಗಿದ್ದು ಜಪಾನಿನ ನೋರಿನ್ 10 ಅನ್ನೋ ತಳಿಯಿಂದ. ಅಮೆರಿಕದ ತಳಿ ವಿಜ್ಞಾನಿ ಬೋರ್ಲಾಗ್ ಮೆಕ್ಸಿಕೋದಲ್ಲಿ ಅದನ್ನು ಬಳಸಿ ಮಾಡಿದ ತಳಿಗಳು 1960ರ ದಶಕದಲ್ಲಿ ಇಲ್ಲಿಗೆ ಬಂದವು. ಅದರಲ್ಲಿ ಸೊನೋರಾ 64 ಕೆಂಪು ಕಾಳು, ನಮ್ಮ ಜನಕ್ಕೆ ಹಿಡಿಸಲಿಲ್ಲ. ದೆಹಲಿಯಲ್ಲಿ ಬೀಜಕ್ಕೆ ಗಾಮಾ ಕಿರಣ ಬಿಟ್ಟು, ಬಣ್ಣ ತಿಳಿಯಾದ ಗಿಡ ಆರಿಸಿ ಶರಬತಿ ಸೊನೋರಾ ಮಾಡಿದರು. ಇಷ್ಟೆಲ್ಲ ಜೀನ್ ಬದಲಾವಣೆನೇ, ಆದರೆ ಬಿಟಿ ಅಲ್ಲ. ಹೊಟ್ಟೆ ಉಬ್ಬೋದು ಬಿಟಿಯಿಂದ ಅಂತೂ ಅಲ್ಲ, ಡಾಕ್ಟರಿಗೆ ತೋರಿಸಿ.

ವರದಾ_ದಂಡೆ
ಹಾವೇರಿ ಕಡೆಯವನು. ಯೂರಿಯಾ ಬೇಡ ಅಂದವರ ಮಾತು ನಂಬಬೇಡಿ. ನಾನೂ ಮೆಕ್ಕೆಜೋಳಕ್ಕೆ ಹಚ್ಚಿದ್ದೆ, ಏನೂ ಫರಕು ಕಾಣಲಿಲ್ಲ. ಪ್ಯಾಕೆಟ್ ಎಷ್ಟು ದಿನ ಅಂಗಡಿಯ ಪತ್ರಾಸಿನ ಕೆಳಗೆ ಕಾದಿತ್ತೋ ದೇವರಿಗೇ ಗೊತ್ತು. ವಿಜ್ಞಾನಿಗಳು ಬ್ಯಾಕ್ಟೀರಿಯಾದಿಂದ ಇನ್ಸುಲಿನ್ ಮಾಡುತ್ತಾರೆ, ಸೋಪಿನ ಪುಡಿಗೆ ಹಾಕೋ ಕಿಣ್ವ ಮಾಡುತ್ತಾರೆ. ನಮ್ಮ ಹೊಲಕ್ಕೆ ಬಂದಾಗ ಮಾತ್ರ ಅದು ಸತ್ತಿರುತ್ತೆ. ಯಾಕೆ?

ಬೇಲೂರು_ನೈಟ್‌ಶಿಫ್ಟ್
ದಂಡೆಯವರ ಪ್ರಶ್ನೆ ನನಗೆ ಸೇರಿದ್ದು. ಧಾರವಾಡ ಹತ್ತಿರ ಬೇಲೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ಇದ್ದೇನೆ, ಮೊದಲು ಬೇರೆ ಊರಲ್ಲಿ ಕಿಣ್ವ ತಯಾರಿಸುವ ಕಡೆ ಫರ್ಮೆಂಟರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಟ್ಯಾಂಕು ನೋಡಿಕೊಳ್ಳುತ್ತಿದ್ದೆ. ಟ್ಯಾಂಕಿನಲ್ಲಿರುವ ಬ್ಯಾಕ್ಟೀರಿಯಾ ಅಂದರೆ ಕೊಟ್ಟಿಗೆಯಲ್ಲಿ ಕಟ್ಟಿ ಮೇಯಿಸಿದ ಹೋರಿ. ಸಕ್ಕರೆ ನಾವೇ ಕೊಡುತ್ತೇವೆ, ಗಾಳಿ ನಾವೇ ಊದುತ್ತೇವೆ, ಬಿಸಿ ಏರಿದರೆ ತಣ್ಣೀರು ಬಿಡುತ್ತೇವೆ, ಬೇರೆ ಯಾವ ಜೀವಾಣುವೂ ಒಳಗೆ ಬಾರದ ಹಾಗೆ ಉಗಿ ಹಾಯಿಸಿ ಎಲ್ಲ ತೊಳೆದಿರುತ್ತೇವೆ. ಅದಕ್ಕೆ ಒಂದೇ ಕೆಲಸ, ನಮಗೆ ಬೇಕಾದ ಮಾಲು ಜಾಸ್ತಿ ಜಾಸ್ತಿ ಮಾಡೋದು. ಇ. ಕೋಲೈ ಅನ್ನೋ ಬ್ಯಾಕ್ಟೀರಿಯಾದಲ್ಲಿ ಮನುಷ್ಯನ ಜೀನ್ ಹಾಕಿ ಮಾಡಿದ ಇನ್ಸುಲಿನ್ ಅಮೆರಿಕದಲ್ಲಿ 1982ರಲ್ಲೇ ಮಾರಾಟಕ್ಕೆ ಬಂತು. ಚೀಸ್ ಮಾಡಲು ಕರುವಿನ ಹೊಟ್ಟೆಯಿಂದ ತೆಗೆಯುತ್ತಿದ್ದ ಕಿಣ್ವಕ್ಕೆ ಬದಲಾಗಿ ಬ್ಯಾಕ್ಟೀರಿಯಾ ಮಾಡಿದ್ದಕ್ಕೆ 1990ರಲ್ಲಿ ಅಲ್ಲಿ ಒಪ್ಪಿಗೆ ಸಿಕ್ಕಿತು. ಕೆಲಸ ಮುಗಿದ ಮೇಲೆ ಬ್ಯಾಕ್ಟೀರಿಯಾನ ಕೊಂದು, ಸೋಸಿ, ಮಾಲು ಅಷ್ಟೇ ಹೊರಗೆ ಕಳಿಸೋದು.

ಹೊಲದಲ್ಲಿ ಇದ್ಯಾವುದೂ ಇಲ್ಲ. ಅಲ್ಲಿ ಮೊದಲೇ ಕೋಟಿಗಟ್ಟಲೆ ಸ್ಥಳೀಯ ಜೀವಾಣುಗಳು ಜಾಗ ಹಿಡಿದು ಕೂತಿರುತ್ತವೆ. ಬಿಸಿಲು, ಒಣ ಮಣ್ಣು ಬೇರೆ. ಹೊಸದಾಗಿ ಹೋದದ್ದು ಉಳಿಯೋದೇ ಕಷ್ಟ, ಅಲ್ವಾ?

ಪ್ರಯೋಗದ_ಪ್ಲಾಟು
ಇನ್ನೊಂದು ಕಾರಣ ಇದೆ. ಯೂರಿಯಾ ಬೆಳೆಗೆ ಕೊಡೋದು ಸಾರಜನಕ. ಅದೇ ಸಾರಜನಕವನ್ನು ಗಾಳಿಯಿಂದ ಹಿಡಿದು ಅಮೋನಿಯಾ ಮಾಡಲು ಬ್ಯಾಕ್ಟೀರಿಯಾಗೆ ತುಂಬಾ ಶಕ್ತಿ ಖರ್ಚಾಗುತ್ತದೆ. ಸುತ್ತಲೂ ಯೂರಿಯಾ ಸುರಿದಿದ್ದರೆ ಆ ಕೆಲಸದ ಸ್ವಿಚ್ ತಾನೇ ಆಫ್ ಮಾಡಿಕೊಳ್ಳುತ್ತದೆ, ಸುಮ್ನೆ ಯಾಕೆ ದುಡಿಯಬೇಕು? ಅಮೆರಿಕದಲ್ಲಿ ಒಂದು ಕಂಪನಿ ಆ ಸ್ವಿಚ್ಚನ್ನೇ ತಿದ್ದಿ, ಗೊಬ್ಬರ ಇದ್ದರೂ ಕೆಲಸ ನಿಲ್ಲಿಸದ ಬ್ಯಾಕ್ಟೀರಿಯಾ ಮಾಡಿ ಮೆಕ್ಕೆಜೋಳಕ್ಕೆ ಮಾರುತ್ತಿದೆ. ಅಂಗಡಿಯವರು ಅದರ ಸುದ್ದಿ ಎಲ್ಲೋ ಕೇಳಿ ಈ ಪ್ಯಾಕೆಟ್‌ಗೆ ಅಂಟಿಸಿರಬೇಕು. ನಮ್ಮಲ್ಲಿ ಸಿಗುವ ಅಜೋಸ್ಪಿರಿಲಮ್ ಬೇರಿನ ಹತ್ತಿರದ ಮಣ್ಣಿನಿಂದ ತೆಗೆದು, ಚೆನ್ನಾಗಿ ಕೆಲಸ ಮಾಡೋದನ್ನು ಆರಿಸಿ ಬೆಳೆಸಿದ್ದು. ಜೀನ್ ತಿದ್ದಿದ ಜೀವಾಣುವನ್ನು ಹೊಲಕ್ಕೆ ಬಿಡಬೇಕಾದರೆ 1989ರ ನಿಯಮದ ಪ್ರಕಾರ ಕೇಂದ್ರದ ಒಪ್ಪಿಗೆ ಬೇಕು.

ಅಜೋಸ್ಪಿರಿಲಮ್ ಗೋಧಿಗೆ ಕೊಡುವ ಲಾಭದಲ್ಲಿ ದೊಡ್ಡ ಪಾಲು ಸಾರಜನಕದ್ದಲ್ಲ. ಅದು ಬಿಡುವ ಹಾರ್ಮೋನಿನಿಂದ ಬೇರು ಚೆನ್ನಾಗಿ ಕವಲೊಡೆಯುತ್ತದೆ, ನೀರು, ಗೊಬ್ಬರ ಸ್ವಲ್ಪ ಜಾಸ್ತಿ ಹೀರುತ್ತದೆ. ಹಚ್ಚಿ, ತಪ್ಪಿಲ್ಲ. ಯೂರಿಯಾ ಪೂರ್ತಿ ಬಿಡಬೇಡಿ. ಪುಡಿಯಾದರೆ ಗ್ರಾಮಿಗೆ ಕನಿಷ್ಠ 5 ಕೋಟಿ ಜೀವಂತ ಕೋಶ ಇರಬೇಕು, ದ್ರವವಾದರೆ ಮಿಲಿಲೀಟರಿಗೆ 10 ಕೋಟಿ. ಅದು ಸರ್ಕಾರದ ಮಾನದಂಡ. ಅವಧಿ ಮುಗಿಯುವ ದಿನಾಂಕ ನೋಡಿ. ಬೆಲ್ಲದ ನೀರಿನಲ್ಲಿ ಕಲಸಿ ಹಚ್ಚಿ, ನೆರಳಲ್ಲಿ ಆರಿಸಿ, ತಡ ಮಾಡದೆ ಬಿತ್ತಿ. ಶಿಲೀಂಧ್ರನಾಶಕದ ಜೊತೆ ಒಂದೇ ಬಕೆಟ್‌ನಲ್ಲಿ ಕಲಸಿದರೆ ಮುಗೀತು.

ವರದಾ_ದಂಡೆ
ನಾನು ಔಷಧಿ ಜೊತೆನೇ ಕಲಸಿದ್ದೆ, ಅಂಗಡಿಯವರೇ ಹಾಗೆ ಹೇಳಿದ್ದು! ಇರಲಿ. ಗೋಧಿಗೇ ಆ ಸಾರಜನಕದ ಜೀನ್ ಹಾಕಿಬಿಟ್ಟರೆ ಆಗಲ್ವಾ?

ಪ್ರಯೋಗದ_ಪ್ಲಾಟು
ಆ ಆಸೆ ಹಳೆಯದು. ಒಂದು ಜೀನ್ ಸಾಲಲ್ಲ, ದೊಡ್ಡ ಗುಂಪೇ ಬೇಕು. ಜೊತೆಗೆ ಸಾರಜನಕ ಹಿಡಿಯುವ ಕಿಣ್ವಕ್ಕೆ ಆಮ್ಲಜನಕ ತಾಗಿದರೆ ಹಾಳಾಗುತ್ತದೆ, ಹಗಲಲ್ಲಿ ಎಲೆಯಲ್ಲಿ ಹುಟ್ಟೋದೇ ಆಮ್ಲಜನಕ. ಚಪಾತಿ ಗೋಧಿಯ ಜೀನ್ ತಿದ್ದೋದೂ ಸುಲಭ ಅಲ್ಲ. ಅದರಲ್ಲಿ ಮೂರು ಹುಲ್ಲುಗಳ ಜೀನ್ ಸಂಪತ್ತು ಕೂಡಿದೆ, 42 ಕ್ರೋಮೋಸೋಮು. ಒಂದೊಂದು ಹುಲ್ಲಿನಿಂದ ಎರಡರಂತೆ ಒಂದೇ ಜೀನಿನ ಆರು ಪ್ರತಿ ಇರುತ್ತವೆ, ಐದು ಕೆಡಿಸಿದರೂ ಆರನೆಯದು ಕೆಲಸ ಮಾಡಿಬಿಡುತ್ತದೆ. ಚೀನಾದವರು 2014ರಲ್ಲಿ ಒಂದು ಜೀನಿನ ಅಷ್ಟೂ ಪ್ರತಿ ಕೆಡಿಸಿ ಬೂದಿ ರೋಗ ತಡೆಯುವ ಗೋಧಿ ತೋರಿಸಿದ್ದು ಅದಕ್ಕೇ ದೊಡ್ಡ ಸುದ್ದಿ ಆಯಿತು. ಜವೆಯಲ್ಲಿ ಕ್ರೋಮೋಸೋಮು 28, ಪ್ರತಿ ನಾಲ್ಕು.

ಎರೆಹೊಲ_ಗದಗ
ಎಲ್ಲರಿಗೂ ಥ್ಯಾಂಕ್ಸ್. ಪ್ಯಾಕೆಟ್ ತಿರುಗಿಸಿ ನೋಡಿದೆ, ಅವಧಿ ಮುಗಿದು ಹೋಗಿದೆ. ವಾಪಸ್ ಕೊಡುತ್ತೇನೆ. ಹೊಸದು ಸಿಕ್ಕರೆ ಅರ್ಧ ಪಟ್ಟಿಗೆ ಹಚ್ಚಿ, ಅರ್ಧ ಹಾಗೇ ಬಿಟ್ಟು ಬಿತ್ತುತ್ತೇನೆ, ಯೂರಿಯಾ ಎರಡೂ ಕಡೆ ಅಷ್ಟೇ. ಡಿಡಿಕೆ 1029 ಬೀಜ ಈಗ ಧಾರವಾಡದಲ್ಲಿ ಸಿಗುತ್ತಾ?

ಪ್ರಯೋಗದ_ಪ್ಲಾಟು
ವಿಶ್ವವಿದ್ಯಾಲಯದ ಬೀಜ ಘಟಕದಲ್ಲಿ ಕೇಳಿ, ಬರುವ ಮುಂಚೆ ಒಂದು ಫೋನ್ ಮಾಡಿ. ನೀರಿಲ್ಲದ ಹೊಲ ಆದರೆ ಆ ತಳಿಗೇ ಅಂತ ಹಟ ಮಾಡಬೇಡಿ, ಗಿಡ್ಡ ಜವೆಯ ಗಮ್ಮತ್ತು ಇರೋದು ನೀರಾವರಿಯಲ್ಲಿ.